ಸ್ವಯಂಸೇವಕರ ಮೇಜಿಗೆ ನಿಲುಕದ ತೆರಿಗೆ: ಅಮೆರಿಕದ ಕನ್ನಡಿಗರು ಯಾರ ಬಳಿ ಹೋಗಬೇಕು?

ಫೆಬ್ರವರಿ ಬಂತೆಂದರೆ ಅಮೆರಿಕದ ಊರೂರಿನ ಗ್ರಂಥಾಲಯ, ಚರ್ಚು, ಕಾಲೇಜುಗಳಲ್ಲಿ ಸ್ವಯಂಸೇವಕರು ಮೇಜು ಹಾಕಿಕೊಂಡು ಕೂರುತ್ತಾರೆ. ತೆರಿಗೆ ರಿಟರ್ನ್ ತುಂಬಿಕೊಡುತ್ತಾರೆ, ಒಂದು ಸೆಂಟ್ ತೆಗೆದುಕೊಳ್ಳುವುದಿಲ್ಲ. ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ನಡೆಸುವ ಈ ಯೋಜನೆಯ ಹೆಸರು ವೀಟಾ. 60 ದಾಟಿದವರಿಗೆ ಟಿಸಿಇ ಎಂಬ ಜೋಡಿ ಯೋಜನೆ ಇದೆ; ಅದರ ಹೆಚ್ಚಿನ ಕೇಂದ್ರಗಳನ್ನು ಎಎಆರ್‌ಪಿ ಫೌಂಡೇಶನ್‌ನ ಟ್ಯಾಕ್ಸ್-ಏಡ್ ನಡೆಸುತ್ತದೆ. 2025ರ ಸೀಸನ್‌ನಲ್ಲಿ ವೀಟಾದ ಆದಾಯ ಮಿತಿ ಸುಮಾರು 67,000 ಡಾಲರ್ ಇತ್ತು.

ಈ ಸಂಖ್ಯೆ ನೋಡಿಯೇ ಹಲವರು ಎಡವುವುದು. ‘ಸಂಬಳ 55,000, ನಮಗೆ ಆಗುತ್ತದೆ’ ಎಂದು ಹೋಗಿ ಎರಡು ಗಂಟೆ ಸಾಲಿನಲ್ಲಿ ಕಾಯುತ್ತಾರೆ. ‘ಹೊರದೇಶದಲ್ಲಿ ಖಾತೆ ಇದೆಯಾ?’ ಎಂಬ ಒಂದು ಪ್ರಶ್ನೆಗೆ ಎದ್ದು ಬರಬೇಕಾಗುತ್ತದೆ. ಸ್ವಯಂಸೇವಕರು ನಿಮ್ಮನ್ನು ಒಪ್ಪಿಕೊಳ್ಳುವುದು ಆದಾಯದ ಗಾತ್ರ ನೋಡಿ ಮಾತ್ರವಲ್ಲ, ನಿಮ್ಮ ಕಡತದಲ್ಲಿರುವ ಅತಿ ಕಠಿಣವಾದ ಒಂದು ಕಾಗದ ನೋಡಿ. 30,000 ಡಾಲರ್ ದುಡಿಯುವವರ ರಿಟರ್ನ್ ಅವರ ಕೈಮೀರಬಹುದು, 66,000 ದುಡಿಯುವವರದು ಅರ್ಧ ಗಂಟೆಯಲ್ಲಿ ಮುಗಿಯಬಹುದು. ಆದ್ದರಿಂದ ಯಾರ ಬಳಿ ಹೋಗಬೇಕೆಂದು ತೀರ್ಮಾನಿಸುವ ಮುನ್ನ ಕಾಗದಗಳನ್ನು ಮೇಜಿನ ಮೇಲೆ ಹರಡಿ ಆ ಒಂದನ್ನು ಹುಡುಕಿ.

ವೀಟಾ ಏನು ಮಾಡುತ್ತದೆ, ಎಲ್ಲಿ ನಿಲ್ಲುತ್ತದೆ

ಡಬ್ಲ್ಯೂ-2 ಸಂಬಳ, ಬ್ಯಾಂಕ್ ಬಡ್ಡಿಯ 1099-ಐಎನ್‌ಟಿ, ಡಿವಿಡೆಂಡ್, ನಿರುದ್ಯೋಗ ಭತ್ಯೆ, ಸೋಶಿಯಲ್ ಸೆಕ್ಯುರಿಟಿ, ಸರಳ ಪಿಂಚಣಿ, ಮಕ್ಕಳ ಕ್ರೆಡಿಟ್, ಕಾಲೇಜು ಶುಲ್ಕದ ಕ್ರೆಡಿಟ್, ಮಾರ್ಕೆಟ್‌ಪ್ಲೇಸ್ ವಿಮೆಯ 1095-ಎ: ಇಷ್ಟೇ ಇದ್ದರೆ ವೀಟಾಗಿಂತ ಒಳ್ಳೆಯ ಆಯ್ಕೆ ಇಲ್ಲ. ಪ್ರತಿ ಸ್ವಯಂಸೇವಕರೂ ಪರೀಕ್ಷೆ ಪಾಸಾಗಿರುತ್ತಾರೆ, ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ. ದುಡ್ಡು ಕೊಟ್ಟು ಮಾಡಿಸುವ ಎಷ್ಟೋ ಕಡೆ ಈ ಎರಡನೇ ಕಣ್ಣು ಇರುವುದಿಲ್ಲ. ಹೋಗುವಾಗ ಫೋಟೋ ಗುರುತಿನ ಚೀಟಿ, ಎಲ್ಲರ ಎಸ್‌ಎಸ್‌ಎನ್ ಅಥವಾ ಐಟಿಐಎನ್ (ಎಸ್‌ಎಸ್‌ಎನ್ ಸಿಗದವರ ತೆರಿಗೆ ಸಂಖ್ಯೆ) ಕಾಗದ, ಹೋದ ವರ್ಷದ ರಿಟರ್ನ್, ಬ್ಯಾಂಕಿನ ರೌಟಿಂಗ್ ಸಂಖ್ಯೆ ಒಯ್ಯಿರಿ. ಜಂಟಿ ರಿಟರ್ನ್ ಆದರೆ ಗಂಡ, ಹೆಂಡತಿ ಇಬ್ಬರೂ ಹೋಗಿ. ಸಹಿ ಇಬ್ಬರದೂ ಬೇಕು.

ಗಡಿ ಎಲ್ಲಿದೆ ಎಂಬುದು ಅವರ ಮರ್ಜಿಗೆ ಬಿಟ್ಟದ್ದಲ್ಲ. ಐಆರ್‌ಎಸ್‌ನ 4012 ಎಂಬ ಕೈಪಿಡಿಯಲ್ಲಿ ವ್ಯಾಪ್ತಿಯ ಪಟ್ಟಿ ಇದೆ. ಸಾರ್ವಜನಿಕರಿಗೆಂದು ಅದರ ಚುಟುಕು ರೂಪ 3676-ಬಿ. ಸ್ವಯಂಸೇವಕರಿಗೆ ಕಾನೂನಿನ ರಕ್ಷಣೆ ಇರುವುದು ಈ ವ್ಯಾಪ್ತಿಯೊಳಗೆ ಕೆಲಸ ಮಾಡಿದಾಗ. ಆದ್ದರಿಂದ ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂದು ಅವರನ್ನು ಒತ್ತಾಯಿಸಬೇಡಿ.

ಸ್ವಂತ ಉದ್ಯೋಗದ ಶೆಡ್ಯೂಲ್ ಸಿ ಇದ್ದರೆ: ಖರ್ಚು 35,000 ಡಾಲರ್ ಒಳಗಿದ್ದು, ನಷ್ಟ, ಸವಕಳಿ, ದಾಸ್ತಾನು, ನೌಕರರು, ಮನೆಯಲ್ಲಿನ ಆಫೀಸ್ ಕೋಣೆಯ ಲೆಕ್ಕ ಯಾವುದೂ ಇರದಿದ್ದರೆ ಮಾತ್ರ ಮಾಡುತ್ತಾರೆ. ಬಾಡಿಗೆ ಮನೆ ಇಲ್ಲ (ಸೇನೆಯವರಿಗೆ ಮಾತ್ರ ಸೀಮಿತ ವಿನಾಯಿತಿ ಇದೆ). ಕೃಷಿ ಆದಾಯದ ಶೆಡ್ಯೂಲ್ ಎಫ್ ಇಲ್ಲ. ಪರ್ಯಾಯ ಕನಿಷ್ಠ ತೆರಿಗೆ ಇಲ್ಲ. ಹಾಗಾಗಿ ಕಂಪನಿ ಐಎಸ್‌ಒ (ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು) ಕೊಟ್ಟು ನೀವು ಅದನ್ನು ಚಲಾಯಿಸಿದ್ದರೆ ಅಲ್ಲಿಗೆ ಹೋಗುವುದು ವ್ಯರ್ಥ. ಹೊರದೇಶದ ಹಣಕಾಸು ಆಸ್ತಿ ತಿಳಿಸುವ ಫಾರ್ಮ್ 8938 ಬೇಕಾದವರದು ಇಲ್ಲ. ಒಂದೇ ವರ್ಷದಲ್ಲಿ ಅರ್ಧ ಅನಿವಾಸಿ, ಅರ್ಧ ನಿವಾಸಿ ಆದವರ ದ್ವಿಸ್ಥಿತಿ ರಿಟರ್ನ್ ಇಲ್ಲ. ವರ್ಷದ ನಡುವೆ ರಾಜ್ಯ ಬದಲಿಸಿದ್ದರೆ ಎರಡನೇ ರಾಜ್ಯದ ರಿಟರ್ನ್ ಮಾಡುತ್ತಾರೋ ಇಲ್ಲವೋ ಎಂದು ಮೊದಲೇ ಫೋನ್ ಮಾಡಿ ಕೇಳಿ.

ಇನ್ನೊಂದು ಮಾತು, ಇದು ಮುಖ್ಯ: ರಿಟರ್ನಿನಲ್ಲಿ ಒಂದು ಭಾಗ ವ್ಯಾಪ್ತಿ ಮೀರಿದರೆ ಇಡೀ ರಿಟರ್ನೇ ಮೀರಿದಂತೆ. ‘ಸಂಬಳದ್ದು ಇಲ್ಲಿ ಮಾಡಿಸಿ, ಊರಿನ ಬಾಡಿಗೆ ಆಮೇಲೆ ಸೇರಿಸುತ್ತೇನೆ’ ಎಂಬುದು ನಡೆಯುವುದಿಲ್ಲ. ಕೆಲವರು ವಾಪಸ್ ಕಳಿಸಿಯಾರೆಂಬ ಭಯಕ್ಕೆ ವಿವರ ಹೇಳದೆ ಬಿಡುತ್ತಾರೆ. ರಿಟರ್ನಿನ ಕೆಳಗೆ ಸುಳ್ಳು ಹೇಳಿದರೆ ಶಿಕ್ಷೆ ಎಂಬ ಒಕ್ಕಣೆಯ ಅಡಿಯಲ್ಲಿ ಸಹಿ ಹಾಕುವವರು ನೀವು, ಸ್ವಯಂಸೇವಕರಲ್ಲ. ಹೊರದೇಶದಲ್ಲಿ ಖಾತೆ ಇದ್ದೂ, ಅದನ್ನು ಕೇಳುವ ಶೆಡ್ಯೂಲ್ ಬಿ ಪ್ರಶ್ನೆಗೆ ‘ಇಲ್ಲ’ ಎಂದು ಗುರುತು ಹಾಕಿದರೆ, ಮುಂದೆ ಅದೇ ಗುರುತನ್ನು ಬೇಕೆಂದೇ ಮುಚ್ಚಿಟ್ಟದ್ದಕ್ಕೆ ಸಾಕ್ಷಿಯಾಗಿ ಹಿಡಿಯಬಹುದು.

ಊರಿನ ನಂಟು ರಿಟರ್ನನ್ನು ಹೇಗೆ ಕಠಿಣ ಮಾಡುತ್ತದೆ

ತೆರಿಗೆಯ ಮಟ್ಟಿಗೆ ನಿವಾಸಿ ಆದ ಮೇಲೆ, ಎಚ್-1ಬಿ ಆಗಲಿ ಗ್ರೀನ್ ಕಾರ್ಡ್ ಆಗಲಿ, ಪ್ರಪಂಚದ ಯಾವ ಮೂಲೆಯ ಆದಾಯವನ್ನೂ ಅಮೆರಿಕಕ್ಕೆ ತೋರಿಸಬೇಕು. ಭಾರತದಲ್ಲಿ ತೆರಿಗೆ ಇಲ್ಲದ ಎನ್‌ಆರ್‌ಇ (ಹೊರದೇಶದ ಗಳಿಕೆ ಇಡುವ ಅನಿವಾಸಿಗಳ ಖಾತೆ) ಠೇವಣಿಯ ಬಡ್ಡಿಗೆ ಇಲ್ಲಿ ತೆರಿಗೆ ಇದೆ. ಪಿಪಿಎಫ್ ಬಡ್ಡಿಗೂ ಇದೆ. ಶಿರಸಿಯ ಅಡಿಕೆ ತೋಟದಲ್ಲಿ ಅಣ್ಣತಮ್ಮಂದಿರ ಜೊತೆ ನಿಮ್ಮ ಪಾಲಿದ್ದು ವರ್ಷಕ್ಕೆ ಮೂರು ಲಕ್ಷ ಬಂದರೆ, ಕೃಷಿ ಆದಾಯ ಎಂದು ಭಾರತದಲ್ಲಿ ವಿನಾಯಿತಿ. ಅಲ್ಲಿ ತೆರಿಗೆ ಕಟ್ಟಿರದ ಕಾರಣ ಇಲ್ಲಿ ಕ್ರೆಡಿಟ್ ಇಲ್ಲ, ಪೂರ್ತಿ ತೆರಿಗೆ ಇಲ್ಲೇ. ಭಾರತದ ಲೆಕ್ಕದ ವರ್ಷ ಏಪ್ರಿಲ್‌ನಿಂದ ಮಾರ್ಚ್, ಇಲ್ಲಿಯದು ಜನವರಿಯಿಂದ ಡಿಸೆಂಬರ್. ಆದ್ದರಿಂದ ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ ನೇರ ಬಳಕೆಗೆ ಬಾರದು. ಪಾಸ್‌ಬುಕ್ ಹಿಡಿದು ಎರಡು ವರ್ಷದ ತುಂಡುಗಳನ್ನು ಜೋಡಿಸಬೇಕು.

ಅನಿವಾಸಿಗಳು ಭಾರತದ ಆದಾಯ ಇಡುವ ಎನ್‌ಆರ್‌ಒ ಖಾತೆಯ ಬಡ್ಡಿಯಲ್ಲಿ ರಿಟರ್ನ್ ತಯಾರಕರೇ ಹಲವು ಸಲ ತಪ್ಪುತ್ತಾರೆ. ಬ್ಯಾಂಕ್ 30 ಶೇಕಡಾ ಮತ್ತು ಸೆಸ್ ಮುರಿದುಕೊಂಡಿರುತ್ತದೆ. ಆದರೆ ಭಾರತ-ಅಮೆರಿಕ ತೆರಿಗೆ ಒಪ್ಪಂದದ 11ನೇ ವಿಧಿಯ ಪ್ರಕಾರ ಭಾರತ ಹಾಕಬಹುದಾದ ತೆರಿಗೆ 15 ಶೇಕಡಾ. ಹೆಚ್ಚುವರಿ ಹಣವನ್ನು ಭಾರತದಲ್ಲಿ ರಿಟರ್ನ್ ಹಾಕಿ ವಾಪಸ್ ಪಡೆಯುವ ಹಕ್ಕು ನಿಮಗಿದೆ. ಹಕ್ಕಿದ್ದೂ ಕೇಳದೆ ಬಿಟ್ಟ ಹಣಕ್ಕೆ ಐಆರ್‌ಎಸ್ ಫಾರ್ಮ್ 1116ರಲ್ಲಿ ಕ್ರೆಡಿಟ್ ಕೊಡುವುದಿಲ್ಲ. ಮುಂದಿನ ವರ್ಷದಿಂದ ಬ್ಯಾಂಕೇ 15 ಶೇಕಡಾ ಮುರಿಯಲೆಂದರೆ ಫಾರ್ಮ್ 8802 ಹಾಕಿ ಐಆರ್‌ಎಸ್‌ನಿಂದ 6166 ನಿವಾಸ ಪತ್ರ ತರಿಸಿ, ಭಾರತದ 10ಎಫ್ ಫಾರ್ಮ್ ಜೊತೆ ಬ್ಯಾಂಕಿಗೆ ಕೊಡಿ.

ಎಲ್ಲಕ್ಕಿಂತ ಕೆಟ್ಟದ್ದು ಮ್ಯೂಚುವಲ್ ಫಂಡ್. ಭಾರತದ ಮ್ಯೂಚುವಲ್ ಫಂಡ್ ಅಮೆರಿಕದ ಕಾನೂನಿನಲ್ಲಿ ಪಿಎಫ್‌ಐಸಿ, ಅಂದರೆ ಹೂಡಿಕೆಯಿಂದಲೇ ಗಳಿಸುವ ವಿದೇಶಿ ಕಂಪನಿ. ಫಂಡಿಗೊಂದು ಫಾರ್ಮ್ 8621. ಸಾಮಾನ್ಯ ನಿಯಮದಲ್ಲಿ, ಮಾರಿದಾಗ ಬಂದ ಲಾಭವನ್ನು ನೀವು ಹಿಡಿದಿಟ್ಟ ದಿನಗಳ ಮೇಲೆ ಹಂಚಿ, ಹಿಂದಿನ ವರ್ಷಗಳ ಪಾಲಿಗೆ ಆಯಾ ವರ್ಷದ ಗರಿಷ್ಠ ದರ, ಅದರ ಮೇಲೆ ಬಡ್ಡಿ. 2018ರಿಂದ ಈಚೆಗೆ ಆ ಗರಿಷ್ಠ ದರ 37 ಶೇಕಡಾ. ಎಸ್‌ಐಪಿ ಕಂತು ಒಂದೊಂದೂ ಪ್ರತ್ಯೇಕ ಖರೀದಿ. ಮೂರು ಫಂಡಿನಲ್ಲಿ ಐದು ವರ್ಷ ತಿಂಗಳಿಗೊಂದು ಕಂತು ಕಟ್ಟಿದ್ದರೆ 180 ಲೆಕ್ಕಗಳಾದವು. ಎಲ್ಲ ಫಂಡುಗಳ ಮೊತ್ತ ವರ್ಷದ ಕೊನೆಯ ದಿನ 25,000 ಡಾಲರ್ (ಜಂಟಿಗೆ 50,000) ಮೀರದೆ, ಆ ವರ್ಷ ಏನೂ ಮಾರದೆ, ದೊಡ್ಡ ವಿತರಣೆ ಬರದೆ ಇದ್ದರೆ 8621 ಹಾಕುವ ಅಗತ್ಯವಿಲ್ಲ. ಅಮೆರಿಕಕ್ಕೆ ಹೊರಡುವವರಿಗೆ ಕೊಡಬಹುದಾದ ಅತ್ಯಂತ ಉಪಯುಕ್ತ ಸಲಹೆ ಇದೇ: ಇಲ್ಲಿ ತೆರಿಗೆ ನಿವಾಸಿ ಆಗುವ ಮುಂಚೆಯೇ ಫಂಡುಗಳನ್ನು ಮಾರಿಬಿಡಿ, ಎಸ್‌ಐಪಿ ನಿಲ್ಲಿಸಿ.

ಮೈಸೂರಿನ ಮನೆ ಬಾಡಿಗೆಗೆ ಕೊಟ್ಟಿದ್ದೀರಿ ಎನ್ನೋಣ. ಕೊಂಡದ್ದು 80 ಲಕ್ಷಕ್ಕೆ; ಅದರಲ್ಲಿ ಜಾಗದ ಬೆಲೆ 50, ಕಟ್ಟಡದ್ದು 30. ಜಾಗಕ್ಕೆ ಸವಕಳಿ ಇಲ್ಲ. ಹೊರದೇಶದ ವಾಸದ ಕಟ್ಟಡಕ್ಕೆ 30 ವರ್ಷ (2018ಕ್ಕೆ ಮುಂಚೆ ಬಾಡಿಗೆಗೆ ಬಿಟ್ಟದ್ದಾದರೆ 40), ಅಂದರೆ ವರ್ಷಕ್ಕೆ ಒಂದು ಲಕ್ಷ ರೂಪಾಯಿ. ಅಮೆರಿಕದ ಮನೆಗೆ ಹಾಕುವ 27.5 ವರ್ಷವನ್ನು ಇಲ್ಲೂ ಹಾಕಿಬಿಡುವುದು ಸಾಮಾನ್ಯ ತಪ್ಪು. ಸವಕಳಿ ತೆಗೆದುಕೊಳ್ಳದೆ ಬಿಟ್ಟರೂ ತಪ್ಪಿಸಿಕೊಳ್ಳಲಾಗದು: ಮನೆ ಮಾರಿದಾಗ ತೆಗೆದುಕೊಳ್ಳಬಹುದಾಗಿದ್ದ ಸವಕಳಿಯನ್ನು ತೆಗೆದುಕೊಂಡಂತೆಯೇ ಎಣಿಸಿ 25 ಶೇಕಡಾವರೆಗೆ ತೆರಿಗೆ ಹಾಕುತ್ತಾರೆ. ಹಲವು ವರ್ಷದಿಂದ ಬಿಟ್ಟುಹೋದದ್ದನ್ನು ಫಾರ್ಮ್ 3115ರಲ್ಲಿ ಸರಿಪಡಿಸಬೇಕು. ಒಂದು ವರ್ಷದ ತಪ್ಪು ಇಪ್ಪತ್ತು ವರ್ಷದ ಮೇಲೆ ಪರಿಣಾಮ ಬೀರುವ ಕೆಲಸ ಇದು, ಹಾಗಾಗಿಯೇ ಸ್ವಯಂಸೇವಕರ ಪಟ್ಟಿಯಲ್ಲಿ ಇಲ್ಲ.

ಸೈಟು ಮಾರಾಟದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಅದು ನಿಮಗೆ ಬಂದದ್ದು ಹೇಗೆ? ಅಪ್ಪ ತೀರಿಕೊಂಡು ಬಂದದ್ದಾದರೆ ಅವರು ತೀರಿಕೊಂಡ ದಿನದ ಮಾರುಕಟ್ಟೆ ಬೆಲೆಯೇ ನಿಮ್ಮ ಅಸಲು. ಬದುಕಿದ್ದಾಗಲೇ ದಾನಪತ್ರ ಮಾಡಿ ಕೊಟ್ಟದ್ದಾದರೆ ಅವರು ಕೊಂಡ ಹಳೆಯ ಬೆಲೆಯೇ ಅಸಲು. 1985ರಲ್ಲಿ 40,000 ರೂಪಾಯಿಗೆ ಕೊಂಡ ಬೆಂಗಳೂರಿನ ಸೈಟಿಗೆ ಈ ಒಂದು ವ್ಯತ್ಯಾಸ ಕೋಟಿಗಳಲ್ಲಿ ಇರಬಹುದು. ಪೌತಿ ಖಾತೆ ಕಾಗದ, ಆ ದಿನಾಂಕಕ್ಕೆ ನೋಂದಾಯಿತ ಮೌಲ್ಯಮಾಪಕರ ವರದಿ ಎರಡನ್ನೂ ಮೊದಲೇ ಮಾಡಿಸಿಡಿ. ಅಪ್ಪ-ಅಮ್ಮ ವರ್ಷದಲ್ಲಿ 1,00,000 ಡಾಲರ್ ಮೀರಿ ಹಣ ಕೊಟ್ಟರೆ ತೆರಿಗೆ ಇಲ್ಲ, ಆದರೆ ಫಾರ್ಮ್ 3520 ಹಾಕಲೇಬೇಕು. ಹಾಕದಿದ್ದರೆ ದಂಡ ತಿಂಗಳಿಗೆ 5 ಶೇಕಡಾದಂತೆ 25 ಶೇಕಡಾವರೆಗೆ ಹೋಗಬಹುದು.

ಎಫ್‌ಬಾರ್, 8938: ಎರಡೂ ಬೇರೆ

ಹೊರದೇಶದ ಎಲ್ಲ ಖಾತೆಗಳ ಗರಿಷ್ಠ ಮೊತ್ತ ಕೂಡಿಸಿ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದರೂ ಎಫ್‌ಬಾರ್ ಎಂಬ ವಿದೇಶಿ ಖಾತೆಗಳ ವರದಿ ಬೇಕು. ಡಾಲರ್‌ಗೆ 85 ರೂಪಾಯಿ ಎಂದು ಹಿಡಿದರೆ ಅದು ಎಂಟೂವರೆ ಲಕ್ಷ. ಅಮ್ಮನ ಠೇವಣಿಯಲ್ಲಿ ಅನುಕೂಲಕ್ಕೆಂದು ನಿಮ್ಮ ಹೆಸರು ಸೇರಿಸಿದ್ದರೆ ಆ ಠೇವಣಿಯೂ ಲೆಕ್ಕಕ್ಕೆ ಬರುತ್ತದೆ, ಪೂರ್ತಿ ಮೊತ್ತ. ಎಫ್‌ಬಾರ್ ಹೋಗುವುದು ತೆರಿಗೆ ರಿಟರ್ನ್ ಜೊತೆಗಲ್ಲ, ಹಣಕಾಸು ಅಪರಾಧ ತಡೆಯುವ ಫಿನ್‌ಸೆನ್ ಸಂಸ್ಥೆಯ ಆನ್‌ಲೈನ್ ಕಿಂಡಿಗೆ. ಶುಲ್ಕವಿಲ್ಲ, ಗಡುವು ಏಪ್ರಿಲ್ 15, ಕೇಳದೆಯೇ ಅಕ್ಟೋಬರ್ 15ರವರೆಗೆ ವಿಸ್ತರಣೆ. ಖಾತೆ ಸಂಖ್ಯೆ, ಬ್ಯಾಂಕ್ ವಿಳಾಸ, ಗರಿಷ್ಠ ಮೊತ್ತ ಗೊತ್ತಿದ್ದರೆ ನೀವೇ ಅರ್ಧ ಗಂಟೆಯಲ್ಲಿ ಮಾಡಬಹುದು. ಇದೊಂದಕ್ಕಾಗಿ ಯಾರಿಗೂ ನೂರಾರು ಡಾಲರ್ ಕೊಡಬೇಡಿ. ಗೊತ್ತಿಲ್ಲದೆ ಬಿಟ್ಟವರಿಗೆ ದಂಡದ ಮೂಲ ಮಿತಿ 10,000 ಡಾಲರ್. ಅದು ಖಾತೆಗೊಂದರಂತೆ ಅಲ್ಲ, ವರದಿಗೊಂದರಂತೆ ಎಂದು 2023ರಲ್ಲಿ ಬಿಟ್ನರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

8938 ರಿಟರ್ನಿನ ಜೊತೆಗೇ ಹೋಗಬೇಕು. ಅಮೆರಿಕದಲ್ಲಿ ವಾಸಿಸುವ ಒಂಟಿಯವರಿಗೆ ವರ್ಷದ ಕೊನೆಗೆ 50,000 ಅಥವಾ ನಡುವೆ ಯಾವಾಗಲಾದರೂ 75,000 ಡಾಲರ್. ಜಂಟಿಗೆ 1,00,000 ಮತ್ತು 1,50,000. ಒಂದನ್ನು ಹಾಕಿದರೆ ಇನ್ನೊಂದು ಹಾಕಿದಂತೆ ಅಲ್ಲ.

ವಿದ್ಯಾರ್ಥಿಗಳು ಮತ್ತು ಹೊಸಬರು

ಎಫ್-1 ವಿದ್ಯಾರ್ಥಿ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಅನಿವಾಸಿ. ಡಿಸೆಂಬರ್ 28ಕ್ಕೆ ಬಂದಿಳಿದರೂ ಆ ವರ್ಷ ಒಂದು ಪೂರ್ತಿ ವರ್ಷವೆಂದೇ ಎಣಿಕೆ. ಹಾಕಬೇಕಾದ್ದು ಅನಿವಾಸಿಗಳ ರಿಟರ್ನ್ 1040-ಎನ್‌ಆರ್ ಮತ್ತು ಇಲ್ಲಿದ್ದ ದಿನಗಳನ್ನು ಎಣಿಕೆಯಿಂದ ಬಿಡಲು ಕೊಡುವ ಹೇಳಿಕೆ 8843. ಆದಾಯವೇ ಇಲ್ಲದಿದ್ದರೂ 8843 ಹಾಕಬೇಕು. ಎಲ್ಲ ವೀಟಾ ಕೇಂದ್ರಗಳೂ ಇದನ್ನು ಮಾಡುವುದಿಲ್ಲ. ವಿದೇಶಿ ವಿದ್ಯಾರ್ಥಿಗಳ ಪ್ರತ್ಯೇಕ ಪ್ರಮಾಣಪತ್ರ ಪಡೆದ ಸ್ವಯಂಸೇವಕರೇ ಬೇಕು, ಅವರು ಹೆಚ್ಚಾಗಿ ಸಿಗುವುದು ವಿಶ್ವವಿದ್ಯಾಲಯಗಳಲ್ಲಿ. ಇಲ್ಲದಿದ್ದರೆ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಸ್ಪ್ರಿಂಟ್ಯಾಕ್ಸ್ ಅಥವಾ ಗ್ಲೇಸಿಯರ್ ಎಂಬ ಅನಿವಾಸಿಗಳ ತೆರಿಗೆ ಸಾಫ್ಟ್‌ವೇರ್‌ನ ಕೋಡ್ ಕೇಳಿ.

ಭಾರತದ ವಿದ್ಯಾರ್ಥಿಗಳಿಗೆ ಬೇರೆ ಬಹುತೇಕ ದೇಶದವರಿಗಿಲ್ಲದ ಒಂದು ಅನುಕೂಲ ಇದೆ: ಒಪ್ಪಂದದ 21(2)ನೇ ವಿಧಿಯಡಿ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತದೆ, 2024ನೇ ವರ್ಷಕ್ಕೆ ಅದು 14,600 ಡಾಲರ್. ಮಾಮೂಲು ಸಾಫ್ಟ್‌ವೇರ್‌ನಲ್ಲಿ ನಿವಾಸಿಗಳ 1040 ಹಾಕಿ, ಶಿಕ್ಷಣ ಕ್ರೆಡಿಟ್ ಕೂಡ ಪಡೆದು ಖುಷಿಪಟ್ಟವರು ಮುಂದೆ ತಿದ್ದುಪಡಿ ರಿಟರ್ನ್ 1040-ಎಕ್ಸ್ ಹಾಕಿ ಹಣ ಹಿಂತಿರುಗಿಸಬೇಕಾಗುತ್ತದೆ. ಷೇರು ಆ್ಯಪ್‌ಗಳಲ್ಲಿ ವ್ಯಾಪಾರ ಮಾಡುವ ವಿದ್ಯಾರ್ಥಿಗಳು ಗಮನಿಸಿ: ಅನಿವಾಸಿಯಾಗಿ ವರ್ಷದಲ್ಲಿ 183 ದಿನ ಇಲ್ಲಿದ್ದರೆ ಷೇರು ಲಾಭದ ಮೇಲೆ ನೇರ 30 ಶೇಕಡಾ, ಡಿಡಕ್ಷನ್ ಅದಕ್ಕೆ ತಗಲುವುದಿಲ್ಲ.

ಅಕ್ಟೋಬರ್ 1ಕ್ಕೆ ಮೊದಲ ಬಾರಿ ಎಚ್-1ಬಿಯಲ್ಲಿ ಬಂದವರಿಗೆ ಆ ವರ್ಷ ಸಿಗುವುದು 92 ದಿನ. 183 ದಿನದ ಪರೀಕ್ಷೆ ದಾಟದ ಕಾರಣ ಅವರು ಅನಿವಾಸಿ, ವಿದ್ಯಾರ್ಥಿಗಳ ಡಿಡಕ್ಷನ್ ಅವರಿಗಿಲ್ಲ. ಕೆಲವರು ಆ ವರ್ಷವೇ ನಿವಾಸಿ ಎನಿಸಿಕೊಳ್ಳುವ ‘ಮೊದಲ ವರ್ಷದ ಆಯ್ಕೆ’ ಮಾಡಿ, ಸಂಗಾತಿಯ ಜೊತೆ ಜಂಟಿ ರಿಟರ್ನ್ ಹಾಕಬಹುದು. ಆಗ ಇಡೀ ವರ್ಷದ ಭಾರತದ ಸಂಬಳವೂ ಲೆಕ್ಕಕ್ಕೆ ಬರುತ್ತದೆ. ಲಾಭವೋ ನಷ್ಟವೋ ಎಂದು ಎರಡು ರೀತಿಯಲ್ಲೂ ಕೂಡಿಸಿ ನೋಡಬೇಕು. ಇದು ಇಎ (ಐಆರ್‌ಎಸ್ ಮಾನ್ಯತೆಯ ತೆರಿಗೆ ತಜ್ಞ) ಅಥವಾ ಸಿಪಿಎ (ಪರವಾನಗಿ ಪಡೆದ ಲೆಕ್ಕಿಗ) ಕೆಲಸ. ಎಚ್-4 ಸಂಗಾತಿಗೆ ಐಟಿಐಎನ್ ಬೇಕಿದ್ದರೆ ಡಬ್ಲ್ಯೂ-7 ಅರ್ಜಿಯ ಜೊತೆ ಮೂಲ ಪಾಸ್‌ಪೋರ್ಟ್ ಅಂಚೆಗೆ ಹಾಕಬೇಡಿ. ಅದನ್ನು ನೋಡಿ ದೃಢೀಕರಿಸುವ ಅಧಿಕಾರವುಳ್ಳ ಏಜೆಂಟರನ್ನು ಹುಡುಕಿ. ಊರಿನಲ್ಲೇ ಇರುವ ಅಪ್ಪ-ಅಮ್ಮನಿಗೆ ಹಣ ಕಳಿಸುತ್ತಿದ್ದರೂ ಅವರನ್ನು ಅವಲಂಬಿತರೆಂದು ಹಾಕುವಂತಿಲ್ಲ.

ಗ್ರೀನ್ ಕಾರ್ಡ್ ಪಡೆದು ಮಕ್ಕಳ ಜೊತೆ ಬಂದಿರುವ ನಿವೃತ್ತ ಮೇಷ್ಟ್ರು ಟಿಸಿಇ ಮೇಜಿಗೆ ಹೋದರೆ ಕರ್ನಾಟಕ ಸರ್ಕಾರದ ಪಿಂಚಣಿ ಅಡ್ಡ ಬರುತ್ತದೆ. ಒಪ್ಪಂದದಲ್ಲಿ ಸರ್ಕಾರಿ ಪಿಂಚಣಿಯ 19ನೇ ವಿಧಿಯನ್ನಷ್ಟೇ ಓದಿದರೆ ಸಾಲದು, 1ನೇ ವಿಧಿಯ ಷರತ್ತನ್ನೂ ಓದಬೇಕು. ವೀಸಾದಲ್ಲಿರುವವರಿಗೂ ಗ್ರೀನ್ ಕಾರ್ಡ್‌ನವರಿಗೂ ಉತ್ತರ ಬೇರೆ. ಒಪ್ಪಂದ ಬಲ್ಲವರ ಬಳಿಯೇ ಹೋಗಿ.

ಸಾಫ್ಟ್‌ವೇರ್, ಇಎ, ಸಿಪಿಎ, ವಕೀಲರು

ಸಂಬಳ, ಸ್ವಲ್ಪ ಎನ್‌ಆರ್‌ಇ ಬಡ್ಡಿ, ಒಂದು ಎಫ್‌ಬಾರ್, ಇಷ್ಟಾದರೆ ಸಾಫ್ಟ್‌ವೇರ್ ಸಾಕು. ಐಆರ್‌ಎಸ್‌ನ ಉಚಿತ ಸಾಫ್ಟ್‌ವೇರ್ ಯೋಜನೆ ಫ್ರೀ ಫೈಲ್‌ಗೆ 2025ರ ಸೀಸನ್‌ನಲ್ಲಿ ಆದಾಯ ಮಿತಿ 84,000 ಡಾಲರ್ ಇತ್ತು. ಆರ್‌ಎಸ್‌ಯು (ಕಂಪನಿ ಸಂಬಳದ ಭಾಗವಾಗಿ ಕೊಟ್ಟ ಷೇರು) ಮಾರಿದ್ದರೆ ಒಂದು ಕಡೆ ಎಚ್ಚರ ಬೇಕು: ಬ್ರೋಕರ್ ಕಳಿಸುವ 1099-ಬಿಯಲ್ಲಿ ಅಸಲು ಸೊನ್ನೆ ಎಂದೋ ಕಡಿಮೆಯೆಂದೋ ಇರುತ್ತದೆ, ಅದು ಈಗಾಗಲೇ ಡಬ್ಲ್ಯೂ-2ರಲ್ಲಿ ತೆರಿಗೆ ಕಂಡ ಹಣ. ಪೂರಕ ಹೇಳಿಕೆ ತೆಗೆದು ಅಸಲು ಸರಿಪಡಿಸದಿದ್ದರೆ ಒಂದೇ ಹಣಕ್ಕೆ ಎರಡು ಸಲ ತೆರಿಗೆ ಕಟ್ಟುತ್ತೀರಿ. ಮನೆಬಳಕೆಯ ಸಾಫ್ಟ್‌ವೇರ್‌ಗಳಲ್ಲಿ ಬಹುತೇಕ 8621 ಇರುವುದಿಲ್ಲ, 1040-ಎನ್‌ಆರ್ ಕೂಡ ಇರುವುದಿಲ್ಲ.

ಇಎ ಎಂದರೆ ಎನ್ರೋಲ್ಡ್ ಏಜೆಂಟ್: ಐಆರ್‌ಎಸ್‌ನ ಮೂರು ಭಾಗದ ಪರೀಕ್ಷೆ ಪಾಸಾದವರು, ತೆರಿಗೆಯೇ ಅವರ ಕಸುಬು, ಯಾವ ರಾಜ್ಯದಲ್ಲಿದ್ದರೂ ನಿಮ್ಮ ಪರ ಐಆರ್‌ಎಸ್ ಮುಂದೆ ನಿಲ್ಲಬಹುದು. ಸಿಪಿಎಗೆ ಪರವಾನಗಿ ಕೊಡುವುದು ರಾಜ್ಯ. ಆಡಿಟ್, ಕಂಪನಿ ಲೆಕ್ಕ ಎಲ್ಲ ಅವರ ವ್ಯಾಪ್ತಿ, ಆದರೆ ಎಲ್ಲ ಸಿಪಿಎಗಳೂ ವಿದೇಶಿ ತೆರಿಗೆ ಬಲ್ಲವರಲ್ಲ. ಬಾಡಿಗೆ, ಪಿಎಫ್‌ಐಸಿ, ದ್ವಿಸ್ಥಿತಿಯಂಥ ಕೆಲಸಕ್ಕೆ ಭಾರತದ ಕಡತಗಳನ್ನು ದಿನಾ ನೋಡುವ ಇಎ, ದೊಡ್ಡ ಹೆಸರಿನ ಆದರೆ ಅದನ್ನು ನೋಡದ ಸಿಪಿಎಗಿಂತ ಮೇಲು. ಬಿಸಿನೆಸ್ ಇದ್ದು ಪಾಲುದಾರಿಕೆ, ಪಾಲುದಾರರ ಪಾಲು ತೋರಿಸುವ ಕೆ-1 ಇದ್ದರೆ ಸಿಪಿಎ ಕಡೆ ವಾಲಿ. ಊರಿನ ಸಿಎ ಬೇಕೇ ಬೇಕು, 26ಎಎಸ್ (ಭಾರತದಲ್ಲಿ ಮುರಿದ ತೆರಿಗೆಯ ಪಟ್ಟಿ), ಟಿಡಿಎಸ್ ವಾಪಸಾತಿ, ಮೌಲ್ಯಮಾಪನಕ್ಕೆ. ಅಮೆರಿಕದ ರಿಟರ್ನ್ ಅವರಿಂದ ಮಾಡಿಸಬೇಡಿ.

ಒಪ್ಪಿಸುವ ಮೊದಲು ಎರಡು ಪ್ರಶ್ನೆ ಕೇಳಿ. ‘ಎನ್‌ಆರ್‌ಇ ಬಡ್ಡಿ ತೋರಿಸಬೇಕಾ?’ ‘ಅದು ಟ್ಯಾಕ್ಸ್ ಫ್ರೀ’ ಎಂದರೆ ಎದ್ದು ಬನ್ನಿ. ‘ಎನ್‌ಆರ್‌ಒ ಟಿಡಿಎಸ್ ಪೂರ್ತಿಗೆ ಕ್ರೆಡಿಟ್ ಹಾಕುತ್ತೀರಾ?’ ‘ಹೂಂ’ ಎಂದರೂ ಎದ್ದು ಬನ್ನಿ. ಶುಲ್ಕ ಫಾರ್ಮಿಗೆ ಎಷ್ಟು, 8621 ಒಂದಕ್ಕೆ ಎಷ್ಟು ಎಂದು ಬರೆಸಿಕೊಳ್ಳಿ. ಹಣ ಪಡೆದು ತಯಾರಿಸುವ ಯಾರಿಗೇ ಆಗಲಿ ಐಆರ್‌ಎಸ್ ಕೊಡುವ ಪಿಟಿಐಎನ್ ಸಂಖ್ಯೆ ಇರಬೇಕು, ರಿಟರ್ನಿನಲ್ಲಿ ಸಹಿ ಇರಬೇಕು. ಸಹಿ ಹಾಕಲು ಒಲ್ಲೆ ಎನ್ನುವವರು, ರೀಫಂಡಿನಲ್ಲಿ ಇಷ್ಟು ಶೇಕಡಾ ಕೊಡಿ ಎನ್ನುವವರು ಎಷ್ಟೇ ಪರಿಚಿತರಾದರೂ ಬೇಡ.

ಮಾರ್ಚ್ ಕೊನೆಗೆ ಹೋದರೆ ಒಳ್ಳೆಯವರು ಸಿಗುವುದಿಲ್ಲ. ಫಾರ್ಮ್ 4868 ಹಾಕಿ ಅಕ್ಟೋಬರ್ 15ರವರೆಗೆ ಸಮಯ ತೆಗೆದುಕೊಳ್ಳಿ, ಆದರೆ ಅಂದಾಜು ತೆರಿಗೆ ಏಪ್ರಿಲ್ 15ಕ್ಕೇ ಕಟ್ಟಿ. ತಡವಾಗಿ ಕಟ್ಟಿದ್ದಕ್ಕೆ ತಿಂಗಳಿಗೆ ಅರ್ಧ ಶೇಕಡಾ ದಂಡ, ರಿಟರ್ನನ್ನೇ ತಡವಾಗಿ ಹಾಕಿದ್ದಕ್ಕೆ ತಿಂಗಳಿಗೆ 5 ಶೇಕಡಾ.

ಆದಾಯ ಕಡಿಮೆ, ಐಆರ್‌ಎಸ್‌ನಿಂದ ನೋಟಿಸ್ ಬಂದಿದೆ ಎನ್ನುವವರಿಗೆ ವೀಟಾ ಅಲ್ಲ, ಎಲ್‌ಐಟಿಸಿ ಎಂಬ ಕ್ಲಿನಿಕ್‌ಗಳಿವೆ. ಸಾಮಾನ್ಯವಾಗಿ ಬಡತನ ರೇಖೆಯ 250 ಶೇಕಡಾ ಒಳಗಿನವರ ಪರವಾಗಿ, 50,000 ಡಾಲರ್ ಒಳಗಿನ ವಿವಾದಗಳಲ್ಲಿ, ಉಚಿತವಾಗಿ ಅಥವಾ ಅಲ್ಪ ಶುಲ್ಕಕ್ಕೆ ವಾದಿಸುತ್ತಾರೆ. ಪಟ್ಟಿ ಐಆರ್‌ಎಸ್‌ನ 4134ರಲ್ಲಿದೆ.

ಹಳೆಯ ವರ್ಷಗಳಲ್ಲಿ ಗೊತ್ತಿಲ್ಲದೆ ಖಾತೆ, ಬಡ್ಡಿ ತೋರಿಸದೆ ಬಿಟ್ಟಿದ್ದರೆ ಸ್ಟ್ರೀಮ್‌ಲೈನ್ಡ್ ಎಂಬ ದಾರಿ ಇದೆ: ಮೂರು ವರ್ಷದ ತಿದ್ದಿದ ರಿಟರ್ನ್, ಆರು ವರ್ಷದ ಎಫ್‌ಬಾರ್, ಬೇಕೆಂದು ಬಿಟ್ಟದ್ದಲ್ಲ ಎಂದು ವಿವರಿಸುವ ಫಾರ್ಮ್ 14654. ಅಮೆರಿಕದಲ್ಲಿರುವವರಿಗೆ ದಂಡ ಆ ಆಸ್ತಿಗಳ ಅತಿ ಹೆಚ್ಚಿನ ವರ್ಷಾಂತ್ಯದ ಮೊತ್ತದ 5 ಶೇಕಡಾ. ಆದಾಯವೆಲ್ಲ ತೋರಿಸಿದ್ದು ಎಫ್‌ಬಾರ್ ಮಾತ್ರ ಬಿಟ್ಟಿದ್ದವರಿಗೆ ಇದು ಬೇಡ. ತಡವಾದ ಎಫ್‌ಬಾರ್‌ಗಳನ್ನು ಕಾರಣ ಬರೆದು ಹಾಕುವ ಪ್ರತ್ಯೇಕ ಕ್ರಮವಿದೆ. ಗೊತ್ತಿದ್ದೇ ಮುಚ್ಚಿಟ್ಟದ್ದಾದರೆ ಮೊದಲು ತೆರಿಗೆ ವಕೀಲರ ಬಳಿ ಹೋಗಿ, ಸಿಪಿಎ ಬಳಿ ಅಲ್ಲ. ಕ್ರಿಮಿನಲ್ ವಿಷಯದಲ್ಲಿ ನಿಮ್ಮ ಮಾತಿನ ಗೌಪ್ಯಕ್ಕೆ ರಕ್ಷಣೆ ಇರುವುದು ವಕೀಲರ ಬಳಿ. ಐಆರ್‌ಎಸ್ ನಿಮ್ಮ ಯಾವುದೇ ವರ್ಷದ ಪರಿಶೀಲನೆ ಶುರುಮಾಡಿತೆಂದರೆ ಸ್ಟ್ರೀಮ್‌ಲೈನ್ಡ್ ಬಾಗಿಲು ಮುಚ್ಚುತ್ತದೆ, ಹಾಗಾಗಿ ಈ ಸೀಸನ್ ಮುಗಿಯುವವರೆಗೆ ಕಾಯಬೇಡಿ.